ಕೆಲಸ ಹೋಗಿದೆ, ಜನರ ಋಣ ಏರುತ್ತಿದೆ: ಓದುಗರ ಸ್ಪಂದನ

ಬೆಳಗಾವಿಯ ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ತಮ್ಮ ಕಷ್ಟ ಹೇಳಿಕೊಂಡಿದ್ದರು. ಅವರ ಪತ್ರದ ಮುಖ್ಯ ಭಾಗ ಹೀಗಿತ್ತು:

"ನನಗೆ 43 ವರ್ಷ. ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಮೋಲ್ಡಿಂಗ್ ಕೆಲಸ ಮಾಡುತ್ತಿದ್ದೆ. 14 ವರ್ಷದ ಸರ್ವಿಸ್. ಆರ್ಡರ್ ಇಲ್ಲ ಎಂದು ಹೋದ ದೀಪಾವಳಿಯ ಮುಂದೆ ಕೆಲವರನ್ನು ತೆಗೆದರು. ಅದರಲ್ಲಿ ನಾನೂ ಒಬ್ಬ. ಅಂದಿನಿಂದ ಮನೆ ನಡೆದಿರುವುದು ಬೇರೆಯವರ ಕೈಯಿಂದ. ಓಣಿಯ ಕಿರಾಣಿ ಅಂಗಡಿಯವರು ಉದ್ರಿ ನಿಲ್ಲಿಸಿಲ್ಲ. ಮಗಳ ಕಾಲೇಜು ಫೀ ಹೆಂಡತಿಯ ಅಕ್ಕ ಕಟ್ಟಿದರು. ಪಕ್ಕದ ಮನೆಯ ಅಜ್ಜಿ ಆಗಾಗ ರೊಟ್ಟಿ ಕಳಿಸುತ್ತಾರೆ. ಜೊತೆಗೆ ಕೆಲಸ ಮಾಡುತ್ತಿದ್ದ ಗೆಳೆಯ ನಮ್ಮ ಮನೆಯ ಬಾಡಿಗೆ ಕಟ್ಟಿದ. ಎಲ್ಲರೂ ಒಳ್ಳೆಯವರು. ಆದರೆ ಅವರ ಮುಖ ನೋಡಲು ನನ್ನಿಂದ ಆಗುತ್ತಿಲ್ಲ. ಅಂಗಡಿ ತಪ್ಪಿಸಿ ಹಿಂದಿನ ಗಲ್ಲಿಯಿಂದ ಓಡಾಡುತ್ತೇನೆ. ಸೋಮವಾರ ತಪ್ಪದೆ ಕಪಿಲೇಶ್ವರ ಗುಡಿಗೆ ಹೋಗುತ್ತಿದ್ದವನು ಈಗ ಹೋಗುವುದನ್ನೇ ಬಿಟ್ಟಿದ್ದೇನೆ. ಹೋಗಿ ಏನು ಕೇಳಲಿ? 'ಇಷ್ಟು ಜನ ಕೈ ಹಿಡಿದಿದ್ದಾರಲ್ಲ, ಅದೇ ದೇವರು' ಅನ್ನುತ್ತಾಳೆ ಹೆಂಡತಿ. ನನಗೆ ಹಾಗೆ ಅನಿಸುವುದಿಲ್ಲ. ಉಪಕಾರ ಮಾಡಿದವರ ಮೇಲೆ ಒಮ್ಮೊಮ್ಮೆ ಸಿಟ್ಟೇ ಬರುತ್ತದೆ. ನಾನು ಕೆಟ್ಟವನಾಗುತ್ತಿದ್ದೇನಾ?"

ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಕೊಟ್ಟಿದ್ದೇವೆ.

ಅಂಗಡಿ ಮುಂದೆಯೇ ಹಾಯ್ದು ಹೋಗಿ

ಅಣ್ಣಾವ್ರೆ, ಗೋಕಾಕದಲ್ಲಿ ನಮ್ಮದೊಂದು ಕಿರಾಣಿ ಅಂಗಡಿ ಇದೆ. ಅಪ್ಪನ ಕಾಲದಿಂದ ಉದ್ರಿ ಕೊಡುತ್ತ ಬಂದಿದ್ದೇವೆ. ಗಲ್ಲೆಯ ಈ ಕಡೆ ಕೂತವನಿಗೆ ಏನನಿಸುತ್ತದೆ ಅಂತ ನಿಮಗೆ ಹೇಳಬೇಕು ಅನಿಸಿತು.

ನಿಮ್ಮ ಓಣಿಯ ಅಂಗಡಿಯವರು ದಾನ ಮಾಡುತ್ತಿಲ್ಲ. ಕೇಳಿದವರಿಗೆಲ್ಲ ಉದ್ರಿ ಕೊಡುತ್ತ ಕೂತರೆ ಯಾವ ಅಂಗಡಿಯೂ ಒಂದು ವರ್ಷ ಬಾಳುವುದಿಲ್ಲ. ಯಾರಿಗೆ ಕೊಡಬೇಕು, ಯಾರಿಗೆ ಬೇಡ ಅನ್ನುವುದನ್ನು ನಾವು ತೂಗಿ ನೋಡಿಯೇ ಪುಸ್ತಕದಲ್ಲಿ ಬರೆಯುತ್ತೇವೆ. ಪಗಾರ ಆದ ದಿನ ನೀವು ಬಂದು ಲೆಕ್ಕ ಚುಕ್ತಾ ಮಾಡಿದ್ದನ್ನು ಅವರು ವರ್ಷಗಟ್ಟಲೆ ನೋಡಿದ್ದಾರೆ. ಈಗ ನಿಮ್ಮ ಮನೆಗೆ ಹೋಗುತ್ತಿರುವ ಅಕ್ಕಿ, ಬೇಳೆ, ಎಣ್ಣೆ ಆ ಹಳೇ ನಡವಳಿಕೆಯ ಮೇಲೆ ಹೋಗುತ್ತಿದೆ. ಅದನ್ನು ಗಳಿಸಿದವರು ನೀವೇ.

ಅಂಗಡಿಯವನಿಗೆ ಕಷ್ಟ ಆಗುವುದು ಯಾವಾಗ ಗೊತ್ತಾ? ಗಿರಾಕಿ ಮುಖ ತಪ್ಪಿಸಿದಾಗ. ದುಡ್ಡು ತಡವಾದರೆ ತಡಕೊಳ್ಳುತ್ತೇವೆ. ಆದರೆ ದಿನಾ ಮಾತಾಡಿಸುತ್ತಿದ್ದವನು ಹಿಂದಿನ ಗಲ್ಲಿ ಹಿಡಿದ ಅಂದರೆ ಇಲ್ಲದ ಸಂಶಯ ಶುರುವಾಗುತ್ತದೆ. ಬೇರೆ ಅಂಗಡಿಯಲ್ಲಿ ರೋಖ ಕೊಟ್ಟು ತಗೊಳ್ಳುತ್ತಿದ್ದಾನಾ? ಊರು ಬಿಡುವ ವಿಚಾರ ಇದೆಯಾ? ಯಾರಾದರೂ ಹೀಗಂದರು, ಹಾಗಂದರು ಅಂತ ಮಾತು ಬೆಳೆಯುತ್ತದೆ.

ಅದಕ್ಕೇ ಹೇಳುತ್ತೇನೆ, ನಾಳೆ ಮಧ್ಯಾಹ್ನ ಗಿರಾಕಿ ಕಡಿಮೆ ಇರುವ ಹೊತ್ತು ನೋಡಿ ಹೋಗಿ. "ಇನ್ನೂ ಕೆಲಸ ಸಿಕ್ಕಿಲ್ಲ" ಅಂತ ನೀವೇ ಬಾಯಿ ಬಿಟ್ಟು ಹೇಳಿ. ಪುಸ್ತಕ ತೆಗೆಸಿ, ಇಲ್ಲಿವರೆಗಿನ ಬಾಕಿ ಕೂಡಿಸಿ, ಕೆಳಗೆ ಸಹಿ ಹಾಕಿ. ಕೈಯಲ್ಲಿ ಐವತ್ತು ರೂಪಾಯಿ ಇದ್ದರೆ ಅದನ್ನೇ ಜಮಾ ಬರೆಸಿ. ಸಣ್ಣ ಜಮಾ ನೋಡಿದರೆ ನಮಗೆ ಎಷ್ಟು ಧೈರ್ಯ ಬರುತ್ತದೆ ಅಂತ ಗಿರಾಕಿಗಳಿಗೆ ಗೊತ್ತಿರುವುದಿಲ್ಲ. ಇನ್ನೊಂದು ಮಾತು. ನಾಗರ ಪಂಚಮಿ ಮುಂದೆ ಉಂಡಿ ಕಟ್ಟಲು ಶೇಂಗಾ, ಎಳ್ಳು, ಬೆಲ್ಲ ಒಯ್ಯುವವರ ಗದ್ದಲ ಇರುತ್ತದೆ. ತೂಕ ಮಾಡಿ ಪೊಟ್ಟಣ ಕಟ್ಟಲು ಕೈ ಸಾಲುವುದಿಲ್ಲ. ನಂಬಿಗಸ್ತ ಮನುಷ್ಯ ಸಿಕ್ಕರೆ ಯಾವ ವ್ಯಾಪಾರಿಯೂ ಬೇಡ ಅನ್ನುವುದಿಲ್ಲ. ಕೇಳಿ ನೋಡಿ.

— ಕಿರಾಣಿ ವ್ಯಾಪಾರಿ, ಗೋಕಾಕ

ಆ ಸಿಟ್ಟು ನನಗೂ ಬಂದಿತ್ತು

ತಮ್ಮಾ, ನಿನ್ನ ಪತ್ರವನ್ನು ಮಗಳ ಕೈಯಿಂದ ಓದಿಸಿ ಕೇಳಿದೆ. ನನಗೆ ಬರೆಯಲು ಅಷ್ಟಾಗಿ ಬರುವುದಿಲ್ಲ, ನಾನು ಹೇಳುತ್ತ ಹೋದದ್ದನ್ನು ಅವಳೇ ಬರೆದಿದ್ದಾಳೆ. ನಿನಗಿಂತ ದೊಡ್ಡವಳು, ಅದಕ್ಕೇ ಏಕವಚನ. ಬೇಜಾರು ಮಾಡಿಕೋಬೇಡ.

ನಮ್ಮದು ಬನಹಟ್ಟಿ. ಮನೆಯಲ್ಲೇ ಪವರ್‌ಲೂಮ್. ಮಾಲೀಕರು ನೂಲು ಕೊಡುತ್ತಾರೆ, ನಾವು ಸೀರೆ ನೇಯ್ದು ಕೊಡುತ್ತೇವೆ, ವಾರಕ್ಕೊಮ್ಮೆ ಬಟವಾಡೆ. ನಾನು ಕಂಡಿಕೆಗೆ ನೂಲು ಸುತ್ತುತ್ತೇನೆ, ಯಜಮಾನರು ಮಗ್ಗ ನೋಡಿಕೊಳ್ಳುತ್ತಾರೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಯಿತಲ್ಲ, ಆಗ ಸೀರೆ ಒಯ್ಯುವ ಲಾರಿಯೂ ನಿಂತಿತು, ನೂಲು ಬರುವುದೂ ನಿಂತಿತು. ಮಾಲೀಕರ ಗೋದಾಮಿನಲ್ಲೇ ಸೀರೆ ರಾಶಿ ಬಿದ್ದಿತ್ತು, ಅವರಾದರೂ ಎಲ್ಲಿಂದ ಕೊಟ್ಟಾರು? ಲಾಕ್‌ಡೌನ್ ತೆಗೆದ ಮೇಲೂ ವ್ಯಾಪಾರ ಬೇಗ ಏಳಲಿಲ್ಲ.

ಮಗ್ಗ ನಿಂತ ಮನೆಯಲ್ಲಿ ನಿದ್ದೆ ಬರುವುದಿಲ್ಲ ತಮ್ಮಾ. ಹುಟ್ಟಿದಾಗಿನಿಂದ ಆ ಖಟಖಟ ಸಪ್ಪಳದಲ್ಲೇ ಮಲಗಿದವರು ನಾವು. ಯಜಮಾನರು ಮೊದಮೊದಲು ದಿನಾ ಬೆಳಿಗ್ಗೆ ಎದ್ದು ಮಗ್ಗದ ಧೂಳು ಒರೆಸಿ ಎಣ್ಣೆ ಬಿಡುತ್ತಿದ್ದರು. ಆಮೇಲೆ ಅದನ್ನೂ ಬಿಟ್ಟರು. ಸ್ನಾನ ಆದ ಕೂಡಲೇ ಲಿಂಗಪೂಜೆಗೆ ಕೂರುತ್ತಿದ್ದ ಮನುಷ್ಯ, ಪೂಜೆ ಬಿಟ್ಟರು. ನಾನು ಒಂದು ಮಾತು ಕೇಳಲಿಲ್ಲ. ಕೇಳುವ ಧೈರ್ಯ ಇರಲಿಲ್ಲ.

ಹಿಟ್ಟು ತಳ ಕಂಡಿತ್ತು. ಒಂದು ಸಂಜೆ ನಮ್ಮ ಓಣಿಯ ಹಿಟ್ಟಿನ ಗಿರಣಿಯವರ ಹೆಂಡತಿ ಬಂದು ಬಾಗಿಲಲ್ಲಿ ನಿಂತಳು. ಕೈಯಲ್ಲಿ ಸ್ಟೀಲಿನ ಡಬ್ಬಿ, ಮೇಲೆ ಸೆರಗು ಮುಚ್ಚಿದ್ದಳು. "ಯಕ್ಕಾ, ಜ್ವಾಳ ಜಾಸ್ತಿ ಬೀಸಿಬಿಟ್ಟೇನಿ. ಹಿಟ್ಟು ಕಹಿ ಆಗ್ತೈತಿ. ಅರ್ಧ ನೀ ಇಟ್ಗೋ" ಅಂದಳು. ಡಬ್ಬಿ ಇನ್ನೂ ಬೆಚ್ಚಗಿತ್ತು. ಗಿರಣಿ ಮನೆಯಲ್ಲೇ ಇರುವವಳು ಜಾಸ್ತಿ ಯಾಕೆ ಬೀಸುತ್ತಾಳೆ? ಬೇಕಾದಾಗ ಬೇಕಾದಷ್ಟು ಬೀಸಿಕೊಳ್ಳುವವಳು. ನನಗೆ ಗೊತ್ತು, ನನಗೆ ಗೊತ್ತಿದೆ ಅಂತ ಅವಳಿಗೂ ಗೊತ್ತು. ಹೊಸ್ತಿಲು ದಾಟಿ ಒಳಗೆ ಬರಲಿಲ್ಲ. ಡಬ್ಬಿ ಖಾಲಿ ಮಾಡಿ ಕೊಡು ಅಂತಲೂ ನಿಲ್ಲಲಿಲ್ಲ. ಇಟ್ಟು ಹೋದಳು.

ಅವಳು ಹೋದ ಮೇಲೆ ನನಗೆ ಬಂದದ್ದು ಕಣ್ಣೀರಲ್ಲ, ಸಿಟ್ಟು. ಇವಳು ಯಾರು ನನ್ನ ಮನೆಯ ಹಿಟ್ಟಿನ ಡಬ್ಬಿಯಲ್ಲಿ ಇಣುಕಿ ನೋಡಲು ಅಂತ. ನಾನು ಅವಳಿಗಿಂತ ಯಾವುದರಲ್ಲಿ ಕಡಿಮೆ ಇದ್ದೆ? ಅವತ್ತು ರೊಟ್ಟಿ ಬಡಿದೆ, ಮಕ್ಕಳು ಉಂಡರು, ಯಜಮಾನರು ಮುಟ್ಟಲಿಲ್ಲ. ಆದ್ದರಿಂದ ನೀನು ಕೇಳಿದ್ದಕ್ಕೆ ನನ್ನ ಉತ್ತರ ಇಷ್ಟೇ. ನೀನು ಕೆಟ್ಟವನಾಗುತ್ತಿಲ್ಲ. ದುಡಿದು ಉಂಡವರಿಗೇ ಆ ಸಿಟ್ಟು ಬರುತ್ತದೆ. ಬಿಟ್ಟಿ ಊಟ ರೂಢಿಯಾದವರಿಗೆ ಬರುವುದಿಲ್ಲ. ಬಂದ ಸಿಟ್ಟನ್ನು ಬರಲಿ ಬಿಡು, ಆದರೆ ಅದನ್ನು ಹಿಡಿದುಕೊಂಡು ಅಜ್ಜಿಯ ರೊಟ್ಟಿ ವಾಪಸ್ ಕಳಿಸಬೇಡ.

ಡಬ್ಬಿ ಹಿಂದಿರುಗಿಸಬೇಕಲ್ಲ. ನಮ್ಮ ಕಡೆ ಒಬ್ಬರ ಮನೆಯ ಪಾತ್ರೆ ಖಾಲಿ ಕೊಡುವುದಿಲ್ಲ, ನಿಮ್ಮಲ್ಲೂ ಹಾಗೇ ಇರಬೇಕು. ಏನು ಹಾಕಿ ಕೊಡಲಿ? ಸಕ್ಕರೆ ಇಲ್ಲ, ಶೇಂಗಾ ಇಲ್ಲ. ಎರಡು ದಿನ ಡಬ್ಬಿ ತೊಳೆದು ಮೂಲೆಯಲ್ಲಿ ಇಟ್ಟಿದ್ದೆ. ಆಮೇಲೆ ಹಿತ್ತಲಲ್ಲಿದ್ದ ಕರಿಬೇವಿನ ಗಿಡ ಕಣ್ಣಿಗೆ ಬಿತ್ತು. ಒಳ್ಳೆ ಎಳೆ ಎಲೆ ಆರಿಸಿ ಡಬ್ಬಿ ತುಂಬ ಒತ್ತಿ ತುಂಬಿ ಕೊಟ್ಟು ಬಂದೆ. ಅವಳು ಮೂಸಿ ನೋಡಿ, "ಪ್ಯಾಟ್ಯಾಗ ಇಂಥಾದ್ದು ಎಲ್ಲೆ ಸಿಗತೈತಿ" ಅಂದಳು. ಅವತ್ತೇ ನಾನು ಅವಳ ಮುಖ ಸರಿಯಾಗಿ ನೋಡಿದ್ದು. ಅಲ್ಲಿಂದ ಮುಂದೆ ಡಬ್ಬಿ ಹಿಟ್ಟು ಹೊತ್ತು ಬರುತ್ತಿತ್ತು, ಕರಿಬೇವು ಹೊತ್ತು ಹೋಗುತ್ತಿತ್ತು. ಲೆಕ್ಕ ಹಾಕಿದರೆ ಹಿಟ್ಟಿಗೂ ಕರಿಬೇವಿಗೂ ಸಮ ಆಗುತ್ತದಾ? ಆಗುವುದಿಲ್ಲ. ಅವಳಿಗೂ ಸಮ ಆಗಬೇಕಾಗಿರಲಿಲ್ಲ, ನನಗೂ ಆಮೇಲೆ ಬೇಕಾಗಲಿಲ್ಲ.

ನೀನು ಫೌಂಡ್ರಿಯಲ್ಲಿ ಕೆಲಸ ಮಾಡಿದವನು, ಕೈಯಲ್ಲಿ ಬುದ್ಧಿ ಇದೆ. ರೊಟ್ಟಿ ಕಳಿಸುವ ಅಜ್ಜಿಯ ಮನೆಯಲ್ಲಿ ನಳ ಸೋರುತ್ತಿರಬಹುದು, ಬಾಗಿಲ ಕೀಲು ಸಡಿಲ ಆಗಿರಬಹುದು. ರೇಷನ್ ಅಂಗಡಿಯ ಸಾಲಿನಲ್ಲಿ ನಿಲ್ಲಲು ಅವಳಿಗೆ ಆಗುತ್ತದೋ ಇಲ್ಲವೋ. ಹೋಗಿ ನೋಡು. ನಮ್ಮ ಯಜಮಾನರನ್ನು ಎಬ್ಬಿಸಿದ್ದೂ ಅಂಥದ್ದೇ ಒಂದು ಕೆಲಸ. ಹಿಟ್ಟಿನ ಗಿರಣಿಯ ಪಟ್ಟಾ ಪದೇ ಪದೇ ಜಾರುತ್ತಿತ್ತಂತೆ. ಗಿರಣಿಯವರು ಬಂದು "ಅಣ್ಣಾ, ನಿಮ್ಮ ಕೈ ಮಗ್ಗದಾಗ ಪಳಗೈತಿ, ಒಮ್ಮೆ ನೋಡ್ರಿ" ಅಂತ ಕರೆದರು. ಬಹಳ ದಿನದ ಮೇಲೆ ಅವರು ಅಂಗಿ ಹಾಕಿಕೊಂಡು ಹೊರಗೆ ಹೋದರು. ಕೈಗೆಲ್ಲ ಗ್ರೀಸ್ ಮಾಡಿಕೊಂಡು ಬಂದು ಊಟಕ್ಕೆ ಬಡಿಸು ಅಂದರು. ಆ ಹಿಟ್ಟಿನ ರೊಟ್ಟಿಯನ್ನೇ ಉಂಡರು. ಮತ್ತೆ ಪೂಜೆಗೆ ಯಾವತ್ತು ಕೂತರು ಅಂತ ನನಗೆ ಸರಿಯಾಗಿ ನೆನಪಿಲ್ಲ. ಒಂದು ದಿನ ನೋಡಿದರೆ ಕೂತಿದ್ದರು.

ನನ್ನ ಮಾತು ಹೇಳುತ್ತೇನೆ. ನಾನು ದೇವರ ದೀಪ ಬಿಟ್ಟಿರಲಿಲ್ಲ. ಆದರೆ ದಿನಾ ದೀಪ ಹಚ್ಚಿ "ಮಗ್ಗ ನಡೆಸಪ್ಪಾ, ಮಗ್ಗ ನಡೆಸಪ್ಪಾ" ಅಂತ ಕೇಳಿ ಕೇಳಿ ಬಾಯಿ ಒಣಗಿತ್ತು. ಕೇಳುವುದು ಸಾಕಾಯಿತು. ಆಮೇಲೆ ಗಿರಣಿಯವಳ ಹೆಸರು ಹೇಳಿ, ಅವಳ ಮಕ್ಕಳ ಹೆಸರು ಹೇಳಿ, ಅವರ ಮನೆ ಚೆನ್ನಾಗಿ ಇಡು ಅಂತ ಬೇಡಿಕೊಳ್ಳತೊಡಗಿದೆ. ಔಷಧ ಅಂಗಡಿಯವನ ಹೆಸರು, ಮಗನಿಗೆ ಹಳೇ ಪುಸ್ತಕ ಕೊಟ್ಟ ಮಾಸ್ತರರ ಹೆಸರು, ಒಂದೊಂದೇ ಸೇರಿತು. ಹೇಳುತ್ತ ಹೋದರೆ ಹೆಸರುಗಳೇ ಎಷ್ಟೊಂದು! ಇಷ್ಟು ಜನ ನಮ್ಮ ಬೆನ್ನಿಗಿದ್ದಾರೆ ಅಂತ ಅಲ್ಲಿಯವರೆಗೆ ನಾನು ಒಮ್ಮೆಯೂ ಎಣಿಸಿರಲಿಲ್ಲ. ನನ್ನ ನಂಬಿಕೆ ಗಟ್ಟಿಯಾದದ್ದು ಹಾಗೆ. ಗುಡಿಗೆ ಹೋಗಿ ಏನು ಕೇಳಲಿ ಅಂದೆಯಲ್ಲ, ನಿನಗಾಗಿ ಏನೂ ಕೇಳಬೇಡ. ಅಂಗಡಿಯವರ ಹೆಸರು ಹೇಳು, ಅಜ್ಜಿಯ ಮೊಣಕಾಲು ನೋವು ಕಡಿಮೆ ಮಾಡು ಅನ್ನು, ಬಾಡಿಗೆ ಕೊಟ್ಟ ಗೆಳೆಯನ ಕೆಲಸ ಉಳಿಸು ಅನ್ನು.

ಇನ್ನೊಂದು ಹೇಳಿ ಮುಗಿಸುತ್ತೇನೆ. 2019ರ ಆಗಸ್ಟ್‌ನಲ್ಲಿ ಕೃಷ್ಣೆಗೂ ಘಟಪ್ರಭೆಗೂ ಮಹಾಪೂರ ಬಂದಿತ್ತು. ಬೆಳಗಾವಿಯವನು, ನೀನೂ ನೋಡಿರುತ್ತೀ. ನಮ್ಮ ಓಣಿಯ ಹೆಂಗಸರೆಲ್ಲ ಸೇರಿ ರಾತ್ರಿಯೆಲ್ಲ ರೊಟ್ಟಿ ಬಡಿದು, ಒಣಗಿಸಿ ಕಟಕ ಮಾಡಿ, ಬಟ್ಟೆಯಲ್ಲಿ ಗಂಟು ಕಟ್ಟಿ ಟೆಂಪೋದಲ್ಲಿ ಕಳಿಸಿದ್ದೆವು. ಯಾರು ಉಂಡರೋ ಗೊತ್ತಿಲ್ಲ. ಉಂಡವರು ನಮಗೆ ಋಣಿಯಾಗಿರಲಿ ಅಂತ ನಮ್ಮಲ್ಲಿ ಒಬ್ಬಳಿಗೂ ಅನಿಸಿರಲಿಲ್ಲ, ಮುಟ್ಟಿದರೆ ಸಾಕು ಅಂತ ಇತ್ತು. ಮರು ವರ್ಷ ನಮ್ಮ ಪಾಳಿ ಬಂತು. ನಿನ್ನ ಹೆಂಡತಿಯ ಅಕ್ಕ ಫೀ ಕಟ್ಟುವಾಗ, ಗೆಳೆಯ ಬಾಡಿಗೆ ಕೊಡುವಾಗ ಅವರ ಮನಸ್ಸಿನಲ್ಲೂ ಅಷ್ಟೇ ಇರುತ್ತದೆ, ಮುಟ್ಟಿದರೆ ಸಾಕು ಅಂತ.

ಈಗ ಮಗ್ಗ ನಡೆಯುತ್ತಿದೆ. ಮೊದಲಿನ ಹಾಗೆ ಇಲ್ಲ, ನಡೆಯುತ್ತಿದೆ.

— ನೇಕಾರರ ಮನೆಯ ತಾಯಿ, ಬನಹಟ್ಟಿ

ಮೊದಲು ನಿಮ್ಮದೇ ಹಣ ಕೇಳಿ ಪಡೆಯಿರಿ

ಸರ್, ಕಾರ್ಖಾನೆಯ ಟೈಮ್ ಆಫೀಸ್‌ನಲ್ಲಿ ಹಾಜರಿ, ಪಗಾರ, ಪಿಎಫ್ ಕಾಗದ ನೋಡಿಕೊಂಡು ನಿವೃತ್ತನಾದವನು ನಾನು. ಯಾರ್ಯಾರು ಸಹಾಯ ಮಾಡಿದರು ಅಂತ ನಿಮ್ಮ ಪತ್ರದಲ್ಲಿ ಇದೆ. ಕಂಪನಿಯಿಂದ ಏನು ಬಂತು ಅಂತ ಒಂದು ಸಾಲೂ ಇಲ್ಲ. ನನ್ನನ್ನು ಕಾಡಿದ್ದು ಅದೇ.

14 ವರ್ಷ ದುಡಿದಿದ್ದೀರಿ ಅಂದರೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸರ್ವಿಸ್ ಲೆಕ್ಕದಲ್ಲಿ ಕಂಪನಿ ಕೊಡಬೇಕಾದ ಹಣ, ನಿಮ್ಮ ಹಕ್ಕು. ಕೊನೆಯ ತಿಂಗಳ ಮೂಲ ಪಗಾರ (ಬೇಸಿಕ್) ಮತ್ತು ತುಟ್ಟಿಭತ್ಯೆ (ಡಿಎ) ಕೂಡಿಸಿ, 15ರಿಂದ ಗುಣಿಸಿ, 26ರಿಂದ ಭಾಗಿಸಿ, ಬಂದದ್ದನ್ನು ಸರ್ವಿಸ್ ವರ್ಷಗಳಿಂದ ಗುಣಿಸಬೇಕು. ನಿಮಗೆ ಎರಡೂ ಸೇರಿ 13,000 ಇತ್ತು ಅಂದುಕೊಳ್ಳಿ. ವರ್ಷಕ್ಕೆ 7,500ರಂತೆ 14 ವರ್ಷಕ್ಕೆ 1,05,000 ರೂಪಾಯಿ ಆಗುತ್ತದೆ. ಇದನ್ನು 30 ದಿನದೊಳಗೆ ಕೊಡಬೇಕು, ತಡವಾದರೆ ಬಡ್ಡಿ ಸಮೇತ. ಬಂದಿಲ್ಲ ಅಂದರೆ ಅರ್ಜಿ ಬರೆದು ಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ.

ಆರ್ಡರ್ ಇಲ್ಲ ಎಂದು ಕಾರ್ಮಿಕನನ್ನು ತೆಗೆದರೆ ಇನ್ನೂ ಒಂದು ಬಾಬ್ತು ಇದೆ. ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ಪಗಾರ, ಜೊತೆಗೆ ಪ್ರತಿ ವರ್ಷದ ಸರ್ವಿಸ್‌ಗೆ 15 ದಿನದ ಸರಾಸರಿ ಪಗಾರ ಪರಿಹಾರವಾಗಿ ಕೊಡಬೇಕು. ಇದು ಗ್ರಾಚ್ಯುಟಿಯ ಹೊರತಾಗಿ. ಎಷ್ಟೋ ಕಡೆ ಇದನ್ನು ತಪ್ಪಿಸಲು ರಾಜೀನಾಮೆ ಪತ್ರದ ಮೇಲೆ ಸಹಿ ತಗೊಂಡಿರುತ್ತಾರೆ. ನಿಮ್ಮ ಹತ್ತಿರವೂ ಹಾಗೆ ಸಹಿ ಮಾಡಿಸಿಕೊಂಡಿದ್ದರೆ ಸುಮ್ನೆ ಕೂರಬೇಡಿ. ಕಾರ್ಮಿಕ ಇಲಾಖೆಯ ಅಧಿಕಾರಿಗೆ ನಡೆದದ್ದನ್ನು ಇದ್ದಂತೆ ಬರೆದು ಕೊಡಿ. ನಿಮ್ಮ ಜೊತೆ ತೆಗೆದ ಉಳಿದವರನ್ನೂ ಕರೆದುಕೊಂಡು ಹೋದರೆ ಒಳ್ಳೆಯದು.

ನಿಮ್ಮ ಪಗಾರದಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತ ಆಗುತ್ತಿತ್ತಾ? ಆಗುತ್ತಿದ್ದರೆ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ ಅಂತ ಇದೆ, 2018ರಲ್ಲಿ ಶುರುವಾದದ್ದು. ಕೆಲಸ ಕಳೆದುಕೊಂಡ ವಿಮಾದಾರನಿಗೆ ಜೀವನದಲ್ಲಿ ಒಮ್ಮೆ, 90 ದಿನದವರೆಗೆ, ದಿನದ ಸರಾಸರಿ ಗಳಿಕೆಯ ಅರ್ಧದಷ್ಟು ಸಿಗುತ್ತದೆ. ತಪ್ಪು ಮಾಡಿ ಕೆಲಸ ಹೋಗಿರಬಾರದು, ಕನಿಷ್ಠ ಎರಡು ವರ್ಷ ವಿಮೆಯಲ್ಲಿ ಇದ್ದಿರಬೇಕು, ಕಂತು ಕಟ್ಟಿದ ದಿನಗಳ ಲೆಕ್ಕವೂ ಇದೆ. ಯೋಜನೆಯ ಅವಧಿಯನ್ನು ಆಗಾಗ ವಿಸ್ತರಿಸುತ್ತ ಬಂದಿದ್ದಾರೆ, ಆದ್ದರಿಂದ ಆಧಾರ್, ಬ್ಯಾಂಕ್ ಪಾಸ್‌ಬುಕ್ ತಗೊಂಡು ಇಎಸ್‌ಐ ಕಚೇರಿಗೇ ಹೋಗಿ ವಿಚಾರಿಸಿ. ಇದರ ಬಗ್ಗೆ ಗೊತ್ತಿಲ್ಲದೆ ಬಿಟ್ಟವರನ್ನು ಬಹಳ ನೋಡಿದ್ದೇನೆ.

ಪಿಎಫ್ ವಿಷಯದಲ್ಲಿ ಮಾತ್ರ ಅವಸರ ಬೇಡ. ತೀರಾ ಬೇಕಾದಷ್ಟೇ ತೆಗೆಯಿರಿ. ಪಿಂಚಣಿ ಯೋಜನೆಯಲ್ಲಿ ನಿಮ್ಮದು ಹತ್ತು ವರ್ಷ ದಾಟಿದ್ದರೆ 58 ವರ್ಷಕ್ಕೆ ತಿಂಗಳ ಪಿಂಚಣಿ ಬರುತ್ತದೆ, ಆ ಹಕ್ಕನ್ನು ಕಳೆದುಕೊಳ್ಳುವಂಥ ಯಾವ ಕಾಗದಕ್ಕೂ ಸಹಿ ಮಾಡಬೇಡಿ. ಕೆಲಸ ಬಿಟ್ಟ ತಾರೀಖನ್ನು ಕಂಪನಿ ನಮೂದಿಸದಿದ್ದರೆ, ಕೊನೆಯ ಕಂತಿನ ಎರಡು ತಿಂಗಳ ನಂತರ ನಿಮ್ಮ ಯುಎಎನ್ (ಪಿಎಫ್ ಸದಸ್ಯನ ಸಂಖ್ಯೆ) ಖಾತೆಯಲ್ಲಿ ನೀವೇ ಅದನ್ನು ನಮೂದಿಸಬಹುದು.

ಕೃತಜ್ಞತೆಯ ಮಾತಿನ ನಡುವೆ ಇದೆಲ್ಲ ಯಾಕೆ ಬರೆದೆ ಅಂತ ಅನಿಸಬಹುದು. ನಿಮ್ಮ ಗೆಳೆಯ ಕೊಟ್ಟ ಬಾಡಿಗೆ ಅವನ ಪಗಾರದಿಂದ ಹೋಗಿದೆ. ಅವನ ಮನೆಯಲ್ಲೂ ಮಕ್ಕಳಿದ್ದಾರು. ನಿಮಗೆ ನ್ಯಾಯವಾಗಿ ಬರಬೇಕಾದ ಹಣ ಕಂಪನಿಯಲ್ಲಿ ಕೂತಿರುವಾಗ ನಿಮ್ಮಂಥದೇ ಇನ್ನೊಬ್ಬ ಕಾರ್ಮಿಕ ನಿಮ್ಮ ಬಾಡಿಗೆ ಕಟ್ಟಬೇಕಾ? ನಿಮ್ಮ ಹಕ್ಕು ಕೇಳಿ ಪಡೆಯುವುದು ಅವನಿಗೂ ನೀವು ಮಾಡುವ ಉಪಕಾರ.

— ನಿವೃತ್ತ ನೌಕರ, ಬೆಳಗಾವಿ

ನಂಬಿಕೆಗೆ ಗಡುವು ಇಲ್ಲ

ನಿಮ್ಮ ಪತ್ರಕ್ಕೆ ಬಹಳ ಜನ "ಎಲ್ಲ ದೇವರ ದಯೆ, ಕೃತಜ್ಞರಾಗಿರಿ" ಅಂತ ಬರೆಯಬಹುದು. ನಾನು ಹಾಗೆ ಬರೆಯಲಾರೆ. ನಾನು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ವರ್ಷ ಮುಗಿದ ಕೂಡಲೇ ನಮ್ಮ ಕೆಲಸವೂ ಮುಗಿಯುತ್ತದೆ, ಮತ್ತೆ ಕರೆಯುವವರೆಗೆ ಕೈ ಖಾಲಿ. ಆ ತಿಂಗಳುಗಳಲ್ಲಿ ಯಾರಾದರೂ ಕೃತಜ್ಞತೆಯ ಪಾಠ ಹೇಳಿದರೆ ಮೈ ಉರಿಯುತ್ತದೆ. ಕೆಲಸ ಕಳೆದುಕೊಂಡವರಿಗೆ ದುಃಖಪಡುವ ಹಕ್ಕು ಇದೆ, ಸಿಟ್ಟಾಗುವ ಹಕ್ಕೂ ಇದೆ. ಗುಡಿಗೆ ಹೋಗಲು ಮನಸ್ಸಿಲ್ಲದಿದ್ದರೆ ಹೋಗಬೇಡಿ. ಸೋಮವಾರ ತಪ್ಪಿತು ಅಂತ ಇನ್ನೊಂದು ಭಾರ ಹೊತ್ತುಕೊಳ್ಳಬೇಡಿ.

ಆದರೆ ಜನರ ನಡುವೆ ಕೂರುವುದನ್ನು ಬಿಡಬೇಡಿ. ಕೆಲಸವಿಲ್ಲದ ದಿನಗಳಲ್ಲಿ ನಾನು ವಿಜಯಪುರದ ಜ್ಞಾನಯೋಗಾಶ್ರಮಕ್ಕೆ ಹೋಗಿ ಪ್ರವಚನ ಕೇಳುತ್ತಿದ್ದೆ. ಭಕ್ತಿ ಜಾಸ್ತಿ ಅಂತಲ್ಲ. ಅಲ್ಲಿ ಪಕ್ಕದಲ್ಲಿ ಕೂತವರು ನೀವೇನು ಮಾಡುತ್ತೀರಿ ಅಂತ ಕೇಳುವುದಿಲ್ಲ. ಆ ಆಶ್ರಮದ ಸಿದ್ಧೇಶ್ವರ ಸ್ವಾಮೀಜಿ ಜೇಬಿಲ್ಲದ ಅಂಗಿ ತೊಡುತ್ತಿದ್ದರು, 2018ರಲ್ಲಿ ಪದ್ಮಶ್ರೀ ಬಂದಾಗ ವಿನಯದಿಂದ ಬೇಡ ಅಂದರು. 2023ರ ಜನವರಿಯಲ್ಲಿ ಅವರು ತೀರಿಕೊಂಡಾಗ ಇಡೀ ವಿಜಯಪುರ ರಸ್ತೆಯಲ್ಲಿತ್ತು. ಜೇಬೇ ಇಲ್ಲದ ಮನುಷ್ಯ ಅಂದಿನ ಊಟವನ್ನು ಯಾರೋ ಕೊಟ್ಟಿದ್ದರಿಂದಲೇ ಉಂಡಿರಬೇಕಲ್ಲ. ಅದರಿಂದ ಅವರು ಯಾರ ಕಣ್ಣಲ್ಲೂ ಸಣ್ಣವರಾಗಲಿಲ್ಲ. ಸನ್ಯಾಸಿಯ ಮಾತು ಬೇರೆ, ಸಂಸಾರಸ್ಥನ ಮಾತು ಬೇರೆ, ಒಪ್ಪುತ್ತೇನೆ. ಆದರೂ ಪಡೆದು ಉಣ್ಣುವುದೇ ಅವಮಾನ ಅನ್ನುವ ಲೆಕ್ಕ ನಮ್ಮ ನೆಲದ್ದಲ್ಲ ಅಂತ ನನಗೆ ಅವರನ್ನು ನೆನೆದಾಗ ಅನಿಸುತ್ತದೆ.

— ಅತಿಥಿ ಉಪನ್ಯಾಸಕಿ, ವಿಜಯಪುರ

ಹೇಳಿಕೊಂಡರೆ ಕೆಲಸ ಬರುತ್ತದೆ

ನಾನು ದರ್ಜಿ. ಹಳೇ ಬಾಗಲಕೋಟೆಯಲ್ಲಿ ನಮ್ಮ ಅಂಗಡಿ ಇತ್ತು, ಮುಳುಗಡೆಯಲ್ಲಿ ಹೋಯಿತು. ಆಲಮಟ್ಟಿ ಹಿನ್ನೀರು ಬರೀ ಮನೆ ಮುಳುಗಿಸಲಿಲ್ಲ, ಗಿರಾಕಿಗಳನ್ನೂ ಚದುರಿಸಿತು. ಒಬ್ಬರು ನವನಗರದ ಈ ಸೆಕ್ಟರ್‌ಗೆ, ಇನ್ನೊಬ್ಬರು ಆ ಸೆಕ್ಟರ್‌ಗೆ. ಪರಿಹಾರದ ಹಣ ಮನೆ ಕಟ್ಟಲು ಮುಗಿಯಿತು. ಮಷೀನ್ ಇತ್ತು, ಬಟ್ಟೆ ತರುವವರಿರಲಿಲ್ಲ.

ನಾಚಿಕೆಯಿಂದ ನಾನೂ ಯಾರಿಗೂ ಹೇಳಿಕೊಂಡಿರಲಿಲ್ಲ. ಕೊನೆಗೆ ಹೇಳಿದ್ದು ನಮ್ಮ ತಾಯಿ. ಮದುವೆಯೊಂದರಲ್ಲಿ ಹಳೇ ಓಣಿಯ ಹೆಂಗಸರು ಸಿಕ್ಕಾಗ, "ಮಗ ಖಾಲಿ ಕೂತಾನ" ಅಂತ ನೇರವಾಗಿ ಅಂದುಬಿಟ್ಟರು. ಆ ವಾರವೇ ಹಳೇ ಗಿರಾಕಿಯೊಬ್ಬರು ಹುಡುಕಿಕೊಂಡು ಬಂದು ಶಾಲೆಯ ಯೂನಿಫಾರ್ಮ್ ಹೊಲಿಯುವ ಕೆಲಸ ಕೊಡಿಸಿದರು. ಗುಳೇದಗುಡ್ಡದ ಖಣದ ಕುಪ್ಪಸ ಹೊಲಿಸಲು ದೂರದಿಂದ ಬಂದವರೂ ಇದ್ದಾರೆ. ಬಂದವರ ಕೈಯಲ್ಲಿ ಬಟ್ಟೆ ಇತ್ತು, ಕನಿಕರ ಇರಲಿಲ್ಲ. ಸಹಾಯ ಮಾಡುವವರು ನಿಮ್ಮ ಸುತ್ತ ಇದ್ದಾರೆ ಅಂತ ಆಗಲೇ ಗೊತ್ತಾಗಿದೆ ನಿಮಗೆ. ಅವರಿಗೆ ಕೆಲಸ ಬೇಕು ಅಂತಲೂ ಹೇಳಿ. ಕಿರಾಣಿ ಅಂಗಡಿಗೆ ದಿನಕ್ಕೆ ಎಷ್ಟು ಜನ ಬಂದು ಹೋಗುತ್ತಾರೆ ನೋಡಿ, ಅದರಲ್ಲಿ ಮಚ್ಛೆಯ ಕಡೆಯ ಕಾರ್ಖಾನೆಗಳಿಗೆ ಹೋಗುವವರೂ ಇದ್ದೇ ಇರುತ್ತಾರೆ.

— ದರ್ಜಿ, ನವನಗರ, ಬಾಗಲಕೋಟೆ

ಪಡೆಯುವವರ ಹಕ್ಕು

ಭಾಯಿಸಾಬ್, ನಾನು ವಿಜಯಪುರದಲ್ಲಿ ಆಟೋ ಓಡಿಸುತ್ತೇನೆ. ನಮ್ಮಲ್ಲಿ ಉಳ್ಳವರು ವರ್ಷಕ್ಕೊಮ್ಮೆ ಉಳಿತಾಯದಲ್ಲಿ ನೂರಕ್ಕೆ ಎರಡೂವರೆಯಷ್ಟು ಝಕಾತ್ ಕೊಡಬೇಕು. ಅದು ಕೊಡುವವನ ದೊಡ್ಡಸ್ತಿಕೆ ಅಲ್ಲ, ಆ ಪಾಲು ಮೊದಲೇ ಇಲ್ಲದವರ ಹಕ್ಕು ಅಂತ ಹಿರಿಯರು ಹೇಳುತ್ತಾರೆ. ಸಾಲದಲ್ಲಿ ಸಿಕ್ಕಿಕೊಂಡವರೂ ಅದನ್ನು ಪಡೆಯಬಹುದಾದವರ ಪಟ್ಟಿಯಲ್ಲಿದ್ದಾರೆ. ಮಗಳ ಆಪರೇಶನ್ ಆದಾಗ ನಾನೂ ಪಡೆದಿದ್ದೇನೆ. ಕೊಟ್ಟವರು ಯಾರು ಅಂತ ಇವತ್ತಿಗೂ ಗೊತ್ತಿಲ್ಲ, ಮಸೀದಿಯ ಹಿರಿಯರ ಕೈಯಿಂದ ಬಂತು. ಗೊತ್ತಿಲ್ಲದ್ದರಿಂದ ಎಲ್ಲರಿಗೂ ದುವಾ ಮಾಡುತ್ತೇನೆ. ನಿಮಗೂ ಮಾಡುತ್ತೇನೆ.

— ಆಟೋ ಚಾಲಕ, ವಿಜಯಪುರ

ನಿಮ್ಮ ಮಗಳಿಗೆ ಎಲ್ಲ ಗೊತ್ತಿದೆ

ಕಾಕಾ, ನಾನು ಬೈಲಹೊಂಗಲದ ಡಿಗ್ರಿ ವಿದ್ಯಾರ್ಥಿನಿ. ನಾನು ಪಿಯುಸಿಯಲ್ಲಿದ್ದಾಗ ನಮ್ಮ ಅಪ್ಪನ ಕೆಲಸ ಹೋಗಿತ್ತು. ಮಕ್ಕಳಿಗೆ ಗೊತ್ತಾಗಬಾರದು ಅಂತ ಅಪ್ಪ ಬೆಳಿಗ್ಗೆ ಡಬ್ಬಿ ಕಟ್ಟಿಸಿಕೊಂಡು ಹೊರಡುತ್ತಿದ್ದರು. ನಮಗೆ ಗೊತ್ತಿತ್ತು. ಸೋದರಮಾವ ನನ್ನ ಫೀ ಕಟ್ಟಿದ್ದೂ ಗೊತ್ತಿತ್ತು. ಅಪ್ಪ ಮಾವನ ಮನೆಗೆ ಬರುವುದನ್ನು ನಿಲ್ಲಿಸಿದ್ದೇ ನಮಗೆ ಜಾಸ್ತಿ ನೋವಾಗಿದ್ದು. ಹಬ್ಬಕ್ಕೆ ನಾವು ಹೋದರೆ ಮಾವ ಬಾಗಿಲ ಕಡೆ ನೋಡಿ "ನಿಮ್ಮಪ್ಪ ಬರಲಿಲ್ಲೇನು?" ಅಂತ ಪ್ರತಿ ಸಲ ಕೇಳುತ್ತಿದ್ದರು. ಕಟ್ಟಿದ ಫೀ ಬಗ್ಗೆ ಅವರು ಒಂದು ಸಲವೂ ಎತ್ತಲಿಲ್ಲ.

ನಿಮ್ಮ ಮಗಳನ್ನು ಕರೆದುಕೊಂಡು ದೊಡ್ಡಮ್ಮನ ಮನೆಗೆ ಹೋಗಿ ಬನ್ನಿ. ಮುಂದಿನ ವರ್ಷದ ಫೀಗೆ ಎಸ್‌ಎಸ್‌ಪಿಯಲ್ಲಿ (ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಪೋರ್ಟಲ್) ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಲು ಹೇಳಿ. ಅದಕ್ಕೆ ಜಾತಿ, ಆದಾಯ ಪ್ರಮಾಣ ಪತ್ರ ಬೇಕು, ನಾಡಕಚೇರಿಯಲ್ಲಿ ಮಾಡಿಕೊಡುತ್ತಾರೆ. ಆಧಾರ್‌ಗೆ ಬ್ಯಾಂಕ್ ಖಾತೆ ಜೋಡಣೆ ಆಗಿದೆಯಾ ಅಂತ ಮೊದಲೇ ನೋಡಿಕೊಳ್ಳಿ, ನನ್ನದು ಅದೊಂದಕ್ಕೇ ತಡವಾಗಿತ್ತು.

— ವಿದ್ಯಾರ್ಥಿನಿ, ಬೈಲಹೊಂಗಲ